ಹೊಗೆ ನುಂಗದ ಕರಿಕಲ್ಲು

ಮೈಸೂರಿನಿಂದ ಊಟಿ ಬಸ್ಸು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡು ಸಾವಿರದ ಎಂಟರ ಜನವರಿ ತಿಂಗಳು. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಸುತ್ತಿಗೆ, ಕಲ್ಲು ಪರೀಕ್ಷಿಸುವ ಆಮ್ಲದ ಪುಟ್ಟ ಬಾಟಲಿ, ಹಳೆಯ ಟವೆಲಿನಲ್ಲಿ ಸುತ್ತಿದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಇದ್ದವು. ಚೀಲವನ್ನು ಮೇಲಿಡಲು ಹೋದ ಕಂಡಕ್ಟರು, "ಏನ್ ಸಾರ್, ಕಲ್ಲು ತುಂಬ್ಕೊಂಡು ಹೊಂಟಿದ್ದೀರಾ?" ಎಂದು ನಕ್ಕ. ಹೌದು ಎಂದೆ. ಅವನು ನಂಬಲಿಲ್ಲ, ಇನ್ನಷ್ಟು ನಕ್ಕು ಎಪ್ಪತ್ತು ಚಿಲ್ಲರೆ ರೂಪಾಯಿಯ ಟಿಕೆಟು ಹರಿದು ಕೊಟ್ಟ.

ನನಗೆ ಊಟಿ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೋದವರೆಲ್ಲ ಕುದುರೆಯ ಮೇಲೆ ಕುಳಿತು ಫೋಟೊ ತೆಗೆಸಿಕೊಂಡು ಬರುವ ಊರಿಗೆ ನಾನಾಗಿ ಹೋಗುವವನಲ್ಲ. ಈ ಸಲ ಹೋಗಬೇಕಾಗಿ ಬಂದದ್ದು ಒಂದು ಪದದ ದೆಸೆಯಿಂದ. ನಾನು ಮೈಸೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವವನು. ದೀಪಾವಳಿ ಕಳೆದ ಮೇಲೆ ರೇಡಿಯೊದವರು ಕರೆದು, ಜನಕ್ಕೆ ತಿಳಿಯುವ ಹಾಗೆ ಏನಾದರೂ ಮಾತಾಡಿ ಎಂದರು. ಆಗ ತಾನೇ ಒಂದು ಹೊಸ ವಿಚಾರ ಓದಿದ್ದೆ. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ನೀರಿನಲ್ಲಿ ಬೆರೆಸಿ, ಬಸಾಲ್ಟ್ ಎಂಬ ಜ್ವಾಲಾಮುಖಿ ಕಲ್ಲಿನೊಳಕ್ಕೆ ಆಳವಾಗಿ ಇಳಿಸಿದರೆ ಅದು ಕಲ್ಲಿನ ಜೊತೆ ಸೇರಿ ತಾನೂ ಕಲ್ಲಾಗುತ್ತದೆ. ಮತ್ತೆ ಮೇಲೆ ಬರುವುದಿಲ್ಲ. ಶೀತ ದೇಶಗಳಲ್ಲಿ ಅದನ್ನು ಮಾಡಿ ನೋಡುವ ಸಿದ್ಧತೆ ನಡೆದಿತ್ತು. ನಾನು ಅದನ್ನೇ ಹೇಳಿದೆ.

ಬರೆದುಕೊಂಡು ಹೋಗಿದ್ದ ಮಾತಿನಲ್ಲಿ ಬಸಾಲ್ಟ್ ಎಂದಿತ್ತು. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಅದರ ಕೆಳಗೆ ಗೆರೆ ಎಳೆದು, "ಸಾರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದಳು. ನಾನು ವಿಜಾಪುರದ ಕಡೆಯವನು. ನಮ್ಮೂರಿನ ಗೋಡೆ, ಬಾವಿ, ಒರಳು ಎಲ್ಲ ಆ ಕಲ್ಲಿನವೇ. ನಾವು ಅದನ್ನು ಕರಿಕಲ್ಲು ಎನ್ನುತ್ತೇವೆ. ಹಾಗೇ ಹೇಳಿದೆ. "ಹಾಂ, ಅದೇ ಚೆನ್ನಾಗಿದೆ" ಎಂದಳು. ಕರಿಕಲ್ಲು ಹೊಗೆಯನ್ನು ನುಂಗಿ ಶಾಶ್ವತವಾಗಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ ಎಂದು ನನ್ನ ದನಿಯಲ್ಲೇ ಬಿತ್ತರವಾಯಿತು. ಕರ್ನಾಟಕದಲ್ಲಿ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಮೈಸೂರಿನ ರೇಡಿಯೊ ನೀಲಗಿರಿಯ ಬೆಟ್ಟಗಳ ಮೇಲೂ ಕೇಳಿಸುತ್ತದೆ.

ಊಟಿಯ ಆಚೆ ಇತ್ತಲಾರಿನ ಹತ್ತಿರದ ಒಂದು ಹಟ್ಟಿಯಿಂದ ಹಾಲನ್ ಎಂಬವರು ಕಾಲೇಜಿಗೆ ಫೋನು ಮಾಡಿದರು. ನೀಲಗಿರಿಯ ಬಡಗ ಜನಾಂಗದವರು, ಚಿಕ್ಕ ಚಹಾ ತೋಟದವರು. ತಮ್ಮ ಹಟ್ಟಿಯ ಮೇಲೆ ದೊಡ್ಡ ಕರಿಕಲ್ಲಿದೆ, ಅದನ್ನು ಒಡೆಯಲು ಕಾಂಟ್ರಾಕ್ಟರು ಕೇಳುತ್ತಿದ್ದಾನೆ, ಪೊಂಗಲ್ ಮುಗಿದ ಮೇಲೆ ಊರು ಕೂಡಿ ತೀರ್ಮಾನ ಮಾಡುತ್ತದೆ, ಅಷ್ಟರೊಳಗೆ ನೀವು ಬಂದು ಇದು ಹೊಗೆ ನುಂಗುವ ಕಲ್ಲು ಎಂದು ಹೇಳಬೇಕು ಎಂದರು. ನೀಲಗಿರಿಯ ಕಲ್ಲು ಬೇರೆ ಜಾತಿಯದು ಎಂದು ನಾನು ಅಲ್ಲೇ ಹೇಳಿದೆ. ಅವರು ಕೇಳಲಿಲ್ಲ. "ಫೋನಿಲಿ ಇಲ್ಲೆ ಅನ್ನಬೇಡಿ ಸಾರ್. ಬಂದು ಕಲ್ಲಿನ ಮುಂದೆ ನಿಂತು ಇಲ್ಲೆ ಅನ್ನಿ" ಎಂದರು. ಇಲ್ಲ ಎಂಬುದಕ್ಕೆ ಅವರ ಬಡಗ ಮಾತಿನಲ್ಲಿ ಇಲ್ಲೆ. ನೀಲಗಿರಿಯಲ್ಲೂ ಅಲ್ಲಲ್ಲಿ ಕಪ್ಪು ಕಲ್ಲಿನ ಒಡ್ಡುಗಳು ನೆಲವನ್ನು ಸೀಳಿಕೊಂಡು ಮೇಲೆ ಬಂದಿರುವುದುಂಟು. ಅವು ಬಸಾಲ್ಟಿನ ದಾಯಾದಿಗಳು. ಅಂಥದ್ದೊಂದು ಸಿಕ್ಕರೂ ಸಿಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದ್ದೆ. ಹೋಗದೆ ಇರಲು ಮನಸ್ಸಾಗಲಿಲ್ಲ ಎಂಬುದೇ ನಿಜ.

ಗುಂಡ್ಲುಪೇಟೆಯಲ್ಲಿ ಇಡ್ಲಿ, ಕಾಫಿ. ಬಂಡೀಪುರದ ಕಾಡು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ತೆಪ್ಪಕಾಡಿನ ಸೇತುವೆಯ ಬಳಿ ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದರು. ಬಸ್ಸಿನವರೆಲ್ಲ ಒಂದೇ ಕಡೆಯ ಕಿಟಕಿಗೆ ಬಿದ್ದರು. ಗೂಡಲೂರಿನಲ್ಲಿ ಮಾತು ಮಲಯಾಳಕ್ಕೆ ಹೊರಳಿತು, ಚಹಾ ಗಟ್ಟಿಯಾಯಿತು. ಅಲ್ಲಿಂದ ಮೇಲೆ ಘಾಟಿ. ರಸ್ತೆಗಾಗಿ ಕಡಿದ ಬರೆಯಲ್ಲಿ ಬೆಟ್ಟದ ಒಳಮೈ ಕಾಣುತ್ತಿತ್ತು. ನಾನು ಪ್ರತಿ ತಿರುವಿನಲ್ಲೂ ಕತ್ತು ಹೊರಹಾಕಿ ನೋಡಿದೆ. ಎಲ್ಲ ಒಂದೇ ಕಲ್ಲು. ಎಣ್ಣೆ ಸವರಿದಂಥ ಹಸಿರುಗಪ್ಪು, ಬಿಗಿಯಾಗಿ ಹೆಣೆದ ಹರಳು. ಭೂಮಿಯ ಬಹಳ ಆಳದಲ್ಲಿ ಬೆಂದು ಒತ್ತಿಸಿಕೊಂಡು ಹುಟ್ಟಿದ ಕಲ್ಲು ಅದು, ಚಾರ್ನೊಕೈಟು. ಅದರಲ್ಲಿ ಸೂಜಿ ಮೊನೆ ತೂರುವಷ್ಟೂ ಜಾಗ ಇರುವುದಿಲ್ಲ.

ಊಟಿಯಲ್ಲಿ ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದೆ. ಬಿಸಿನೀರಿಗೆ ಬೇರೆ ದುಡ್ಡು, ಎರಡನೆಯ ಕಂಬಳಿಗೆ ಬೇರೆ ದುಡ್ಡು. ಸಂಜೆ ಬೇಕರಿಯಲ್ಲಿ ಒಂದು ಪೊಟ್ಟಣ ವರ್ಕಿ ಬಿಸ್ಕತ್ತು ಕಟ್ಟಿಸಿಕೊಂಡೆ, ಹೋಗುವ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಬೆಳಿಗ್ಗೆ ಎದ್ದಾಗ ಕುದುರೆ ಪಂದ್ಯದ ಮೈದಾನದ ಹುಲ್ಲು ಬೆಳ್ಳಗಿತ್ತು. ಹಿಮ ಬಿದ್ದಿತ್ತು. ಪ್ರವಾಸಿಗಳು ಅದನ್ನು ಕೈಯಲ್ಲಿ ಕೆರೆದು ಕಿರುಚುತ್ತಿದ್ದರು. ಚಹಾ ಅಂಗಡಿಯವನು ಮಾತ್ರ, "ಎಲೆ ಎಲ್ಲ ಸುಟ್ಟುಹೋಗುತ್ತೆ ಸಾರ್" ಎಂದು ಗೊಣಗಿದ.

ಎಮೆರಾಲ್ಡ್ ಎಂಬ ಊರಿಗೆ ಹೋಗುವ ಬಸ್ಸು ಹಿಡಿದೆ. ಮುತ್ತೋರೈ ಪಾಲಡದ ತಗ್ಗಿನಲ್ಲಿ ಕ್ಯಾರೆಟ್ಟು ತೊಳೆದು ಮೂಟೆ ಕಟ್ಟುತ್ತಿದ್ದರು; ಚರಂಡಿಯ ನೀರೂ ಕೆಂಪಾಗಿತ್ತು. ಆಮೇಲೆ ಬರೀ ಚಹಾ. ಬಿಸಿಲು ತಾಗದ ಇಳಿಜಾರುಗಳಲ್ಲಿ ಗಿಡದ ತುದಿಯೆಲ್ಲ ಕಂದಿ ಕರಿಯಾಗಿತ್ತು. ಇತ್ತಲಾರಿನಲ್ಲಿ ಇಳಿದು ಹಟ್ಟಿಯ ದಾರಿ ಕೇಳುತ್ತಿರುವಾಗ, ಕೋಟು ತೊಟ್ಟು ಮಫ್ಲರು ಸುತ್ತಿದ ಎತ್ತರದ ಒಬ್ಬರು ಬಳಿಗೆ ಬಂದರು. "ಹಾಲನ್ ಮನೆಗಾ? ನಾನೂ ಅದೇ ಹಟ್ಟಿ. ಬನ್ನಿ" ಎಂದು ನಾನು ಬೇಡವೆಂದರೂ ಚೀಲ ಕಿತ್ತುಕೊಂಡು ಹೆಗಲಿಗೆ ಹಾಕಿದರು. ಭೋಜನ್ ಎಂದು ಹೆಸರು. ವೆಲ್ಲಿಂಗ್ಟನ್ನಿನ ಪಟಾಲಮ್ಮಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು.

ಹಟ್ಟಿಗೆ ರಸ್ತೆಯಿಲ್ಲ. ಚಹಾ ಗಿಡಗಳ ನಡುವೆ ಮೆಟ್ಟಿಲಿನಂತೆ ಕಡಿದ ದಾರಿ, ಒಂದಾಳಿನ ಅಗಲ. ಅರ್ಧ ಹತ್ತಿದ ಮೇಲೆ ಒಂದು ತಿರುವಿನಲ್ಲಿ ಭೋಜನ್ ನಿಂತರು. ದಣಿವಾಯಿತೇನೋ ಎಂದು ಚೀಲಕ್ಕೆ ಕೈ ಚಾಚಿದೆ.

"ಚೀಲಕ್ಕಲ್ಲ ಸಾರ್" ಎಂದರು. "ಹೋದ ವರುಷ ಮಳೇಲಿ ನನ್ನ ಹೆಂಡತಿಗೆ ಎದೆ ನೋವು ಬಂತು. ಆಂಬುಲೆನ್ಸು ಬಂತು, ಕೆಳಗೆ ನಿಂತಿತ್ತು, ಲೈಟು ಕಾಣುತ್ತಿತ್ತು. ಕುರ್ಚೀಲಿ ಕೂರಿಸಿ ನಾಲ್ಕು ಜನ ಹೊತ್ತರು. ಇಲ್ಲಿ ಕಾಲು ಜಾರಿತು. ಎದ್ದು ನೋಡುವಾಗ ಅವಳು ಇಲ್ಲೆ."

ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಅವರೇ ಮುಂದೆ ನಡೆದರು. ಕಾಂಟ್ರಾಕ್ಟರಿಗೆ ಕಲ್ಲು ಕೊಟ್ಟರೆ ಅವನು ಲಾರಿ ಓಡಾಡಲು ಹಟ್ಟಿಯ ತನಕ ರಸ್ತೆ ಕಡಿಯಬೇಕು, ಕೆಲಸ ಮುಗಿದ ಮೇಲೂ ರಸ್ತೆ ಊರಿಗೆ ಉಳಿಯುತ್ತದೆ ಎಂದು ವಿವರಿಸಿದರು. "ನೀವು ಹಾಲನ್ ಕರೆದು ಬಂದೋರು ಅಂತ ಗೊತ್ತು. ನೀವು ಏನು ಹೇಳಿದರೂ ನಿಮ್ಮ ಮೇಲೆ ಕೋಪ ಇಲ್ಲೆ" ಎಂದರು. ಹಾಲನ್ ಮನೆಯ ಅಂಗಳದಲ್ಲಿ ಚೀಲ ಇಳಿಸಿ, ಒಳಗೆ ಕಾಲಿಡದೆ ಹೊರಟುಹೋದರು.

ಹಟ್ಟಿಯಲ್ಲಿ ಮನೆಗಳು ಒಂದೇ ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿದ್ದವು. ಹಾಲನ್ ಕುಳ್ಳಗೆ, ತೆಳ್ಳಗೆ, ಬಿಳಿ ತಲೆಗಟ್ಟು, ಬಿಳಿ ಹೊದಿಕೆ. ವಯಸ್ಸು ಅರವತ್ತು ದಾಟಿತ್ತು. ಅವರ ಹೆಂಡತಿ ಮಾದಿಯಮ್ಮ ಒಂದು ದೊಡ್ಡ ಲೋಟದ ತುಂಬ ನೀರು ತಂದು ಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ನಿಂತರು. ಹಲ್ಲು ಜುಮ್ಮೆನ್ನುವ ತಣ್ಣೀರು, ಮಣ್ಣಿನ ವಾಸನೆಯಿಲ್ಲ, ಬ್ಲೀಚಿಂಗ್ ಪೌಡರಿನ ವಾಸನೆಯಿಲ್ಲ. "ಕಲ್ಲ ನೀರು" ಎಂದರು ಆಕೆ. ಇನ್ನೊಂದು ಲೋಟ ಕೇಳಿದಾಗ ಅವರ ಮುಖ ಅರಳಿತು.

ಹಾಲನ್ ನನ್ನನ್ನು ಕಲ್ಲಿನ ಬಳಿಗೆ ಕರೆದುಕೊಂಡು ಹೋದರು. ಮನೆಗಳ ಹಿಂದೆ ಏರು, ಏರಿನ ಮೇಲೆ ಕಲ್ಲು. ಮಲಗಿದ ಎಮ್ಮೆಯ ಬೆನ್ನಿನಂತೆ ಕಪ್ಪಗೆ, ನುಣ್ಣಗೆ, ಹಟ್ಟಿಯ ಉದ್ದಕ್ಕೂ ಹಬ್ಬಿತ್ತು. ಅದರ ಬುಡದ ಬಿರುಕಿನಿಂದ ಒಂದು ಒರತೆ ಸದ್ದಿಲ್ಲದೆ ಒಸರುತ್ತಿತ್ತು. ಪಂಚಾಯಿತಿಯ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಒರತೆ ಮಾತ್ರ ಅವರ ಅಜ್ಜನ ಕಾಲದಲ್ಲೂ ಬತ್ತಿರಲಿಲ್ಲವಂತೆ. ಸಿಡಿಮದ್ದು ಇಟ್ಟರೆ ಬಿರುಕು ಎತ್ತ ಸರಿಯುತ್ತದೋ, ನೀರು ಎತ್ತ ಹೋಗುತ್ತದೋ ಯಾರೂ ಹೇಳಲಾರರು. ಹಾಲನ್‌ರ ಭಯ ಅದೇ.

ನಾನು ಸುತ್ತಿಗೆ ತೆಗೆದುಕೊಂಡು ಕಲ್ಲಿನ ಸುತ್ತ ಹತ್ತಿದೆ, ಇಳಿದೆ. ಕರಿ ಒಡ್ಡಿನ ಒಂದು ಎಳೆಯಾದರೂ ಸಿಕ್ಕೀತೆಂದು ಗಿಡಗಳನ್ನು ಸರಿಸಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಮಂಡಿ ತರಚಿತ್ತು, ಅಂಗಿಯ ತೋಳು ಹರಿದಿತ್ತು. ಎಲ್ಲಿ ಚಕ್ಕೆ ಎಬ್ಬಿಸಿದರೂ ಅದೇ ಎಣ್ಣೆಗಪ್ಪು. ಕೊನೆಗೆ ಒರತೆಯ ಬಳಿ ಬಂದು ಕುಳಿತೆ. ಹಾಲನ್ ಇಡೀ ಹೊತ್ತು ಒಂದು ಪ್ರಶ್ನೆಯನ್ನೂ ಕೇಳದೆ ನನ್ನ ಮುಖವನ್ನೇ ನೋಡುತ್ತಿದ್ದರು.

ಊಟಕ್ಕೆ ರಾಗಿ ಹಿಟ್ಟು, ಅವರೆಕಾಳಿನ ಸಾರು. ಸಾರಿಗೆ ಇಲ್ಲಿ ಉದಕ ಎನ್ನುತ್ತಾರೆ. ಊಟವಾದ ಮೇಲೆ ಬಿಸಿಲಿಗೆ ಅಂಗಳದಲ್ಲಿ ಕುಳಿತೆವು. ಹಾಲನ್ ನನಗಾಗಿ ತಮ್ಮ ಬಡಗ ಮಾತನ್ನು ಕನ್ನಡದ ಕಡೆಗೆ ವಾಲಿಸಿ, ನಿಧಾನವಾಗಿ ಆಡಿದರು; 'ನಮ್ಮ' ಎನ್ನುವಲ್ಲಿ 'ಎಂಗ' ಮಾತ್ರ ಹಾಗೇ ಉಳಿಯಿತು.

"ಎಂಗ ಹಟ್ಟೀಲಿ ಯಾರಾದರೂ ಸತ್ತರೆ ಒಂದು ಶಾಸ್ತ್ರ ಇದೆ ಸಾರ್. ದೊಡ್ಡವರು ಒಬ್ಬರು ನಿಂತು, ಸತ್ತವರ ಪಾಪ ಎಲ್ಲ ಹೇಳುವರು. ಪಕ್ಕದವನ ಹೊಲ ಒತ್ತಿದ್ದು, ಹಸಿದ ದನಕ್ಕೆ ಹುಲ್ಲು ಹಾಕದೆ ಹೋದದ್ದು, ಎಲ್ಲ. ಮಾಡಿದ್ದೂ ಹೇಳುವರು, ಮಾಡದ್ದೂ ಹೇಳುವರು. ಹೇಳಿ ಹೇಳಿ ಒಂದು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುವರು."

"ಆಮೇಲೆ ಆ ಕರು?"

"ಅದು ಹೋಯಿತು. ಅದಕ್ಕೆ ಮತ್ತೆ ಯಾರೂ ನೊಗ ಹೂಡಬಾರದು. ಹೊಡೆಯಬಾರದು, ಮಾರಬಾರದು. ಪಾಪ ಹೊತ್ತ ಪ್ರಾಣಿ ಅದು. ಅದರ ಮೇಲೆ ಕೈ ಇಟ್ಟರೆ ಎಲ್ಲ ತಿರುಗಿ ಬರುವುದು." ಹೊದಿಕೆ ಸರಿಮಾಡಿಕೊಂಡು ಮುಂದುವರಿಸಿದರು: "ಎಂಗ ಅಪ್ಪ ಸತ್ತಾಗ ಕರು ಇತ್ತು. ಈಗ ಕೊಟ್ಟಿಗೆ ಎಲ್ಲ ಹೋಯಿತು, ಎಲ್ಲ ಕಡೆ ಚಹಾ. ಈಗ ಬಾಯಲ್ಲಿ ಹೇಳಿ ಮುಗಿಸುವರು. ನೀವು ರೇಡಿಯೊದಲ್ಲಿ ಹೇಳಿದಿರಲ್ಲ, ಲೋಕದ ಹೊಗೆ ಎಲ್ಲ ಕರಿಕಲ್ಲಿನ ಒಳಗೆ ಇಡುವರು ಅಂತ. ಆಗ ನನಗೆ ಗೊತ್ತಾಯಿತು. ಲೋಕದ ಪಾಪ ಹೊತ್ತ ಕಲ್ಲಿಗೆ ಯಾರು ಸಾರ್ ಮದ್ದು ಇಡುವರು?"

ಈ ವಿಷಯದ ಮೇಲೆ ನಾನು ಓದಿದ ಬರಹಗಳಲ್ಲಿ ಖರ್ಚು, ಒತ್ತಡ, ಸೋರಿಕೆ ಎಲ್ಲದರ ಮಾತಿತ್ತು. ಹೊಗೆ ಹೊತ್ತ ಕಲ್ಲಿನ ಋಣ ನಮ್ಮ ಮೇಲೆ ಎಷ್ಟು ಎಂಬುದನ್ನು ಯಾರೂ ಕೇಳಿರಲಿಲ್ಲ. ಹಾಲನ್ ಹೊಗೆಯನ್ನು ಕೇಳಿ ಪಡೆಯಲು ಹೊರಟಿದ್ದರು. ಬೇರೆ ಊರಿನವರು ತಮ್ಮ ನೆಲದ ಕೆಳಗೆ ಬೇಡವೆನ್ನುವುದನ್ನು ಈ ಮನುಷ್ಯ ತನ್ನ ಮನೆಯ ಹಿಂದೆ ತಂದು ಹಾಕಿ ಎನ್ನುತ್ತಿದ್ದರು, ಕಲ್ಲು ಉಳಿದರೆ ಸಾಕೆಂದು. ನನಗೆ ಅಳು ಬಂದಂತಾಯಿತು. ಅದನ್ನು ಮರೆಸಲು ಎದ್ದು ಚೀಲ ಬಿಚ್ಚಿದೆ.

ಟವೆಲು ಬಿಡಿಸಿ ನಮ್ಮೂರಿನ ಕಲ್ಲನ್ನು ಅವರ ಮುಂದಿಟ್ಟೆ. ಇದೂ ಕಪ್ಪೇ, ಆದರೆ ಮೈತುಂಬ ತೂತು. ಹಲವು ತೂತುಗಳಲ್ಲಿ ಸುಣ್ಣದಂಥ ಬಿಳಿ ಮಣಿಗಳು ತುಂಬಿಕೊಂಡಿದ್ದವು. ಬೆಂಕಿಯಾಗಿ ಹರಿದು ಬಂದ ಕಲ್ಲು ಇದು, ತಣಿಯುವಾಗ ಗುಳ್ಳೆಗಳು ಹೀಗೆ ಉಳಿದವು, ಆಮೇಲೆ ನೀರಿನ ಜೊತೆ ಇಳಿದ ಇಂಗಾಲದ ಗಾಳಿ ಈ ಬಿಳಿ ಮಣಿಯಾಯಿತು ಎಂದು ಹೇಳಿದೆ. ಬಿಳಿ ಮಣಿಯ ಮೇಲೆ ಆಮ್ಲದ ಒಂದು ಹನಿ ಬಿಟ್ಟೆ. ಚುರ್ರೆಂದು ನೊರೆ ಎದ್ದಿತು. "ಹೊಗೆಯಲ್ಲಿರುವ ಗಾಳಿಯೇ ಈ ನೊರೆಯಲ್ಲೂ ಇರುವುದು. ಎಷ್ಟೋ ಕಾಲದಿಂದ ಒಳಗೆ ಕೂತಿತ್ತು." ಹಾಲನ್ ಬಗ್ಗಿ ಕಿವಿಗೊಟ್ಟು ಕೇಳಿದರು. ಆಮೇಲೆ ಬೆಟ್ಟದಿಂದ ತಂದಿದ್ದ ಚಕ್ಕೆಯ ಮೇಲೂ ಒಂದು ಹನಿ ಬಿಟ್ಟೆ. ಹನಿ ಹಾಗೇ ನಿಂತಿತ್ತು, ಆಕಾಶದ ಬೆಳಕು ಅದರಲ್ಲಿ ಕಾಣುತ್ತಿತ್ತು.

"ಇದು ಕುಡಿಯದಾ?" ಎಂದರು.

"ಕುಡಿಯಲ್ಲ. ಇದಕ್ಕೆ ಬಾಯೇ ಇಲ್ಲ."

ಹಾಲನ್ ಎರಡು ಕಲ್ಲನ್ನೂ ಕೈಯಲ್ಲಿ ತೂಗಿ ನೋಡಿದರು. ಮಾದಿಯಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಒಳಗೆ ಹೋದರು. ಆಮೇಲೆ ಹಾಲನ್ ಮೆಲ್ಲಗೆ, "ಸಾರ್, ಇದು ಯಾವ ಬಣ್ಣ?" ಎಂದು ಬೆಟ್ಟದ ಚಕ್ಕೆಯನ್ನು ತೋರಿಸಿದರು.

"ಕಪ್ಪು."

"ಕಲ್ಲಾ, ಮಣ್ಣಾ?"

"ಕಲ್ಲು."

"ಹಾಗಾದರೆ ನಾಳೆ ಕೂಟದಲ್ಲಿ ಅಷ್ಟು ಮಾತ್ರ ಹೇಳಿ. ಇದು ಕರಿಕಲ್ಲು ಅಂತ. ರೇಡಿಯೊದಲ್ಲಿ ನೀವು ಹೇಳಿದ ಮಾತು ಎಲ್ಲರೂ ಕೇಳಿದ್ದಾರೆ. ಅದಕ್ಕೆ ಮೇಲೆ ಒಂದು ಮಾತೂ ಬೇಡ. ಇದು ಸುಳ್ಳಾ ಸಾರ್?"

ಸುಳ್ಳಲ್ಲ. ಅದೇ ತೊಂದರೆ. ಆ ಸಂಜೆ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ನೀಲಗಿರಿಯಲ್ಲಿ ಈ ಕಲ್ಲಿಗೆ ಕರಿಕಲ್ಲು ಎಂದೇ ಹೆಸರು. ನಮ್ಮ ವಿಜಾಪುರದಲ್ಲಿ ಆ ಕಲ್ಲಿಗೂ ಅದೇ ಹೆಸರು. ನಾನು ಎದ್ದುನಿಂತು ಇದು ಕರಿಕಲ್ಲು ಎಂದು ಹೇಳಿ ಕುಳಿತರೆ, ಒಂದು ಒರತೆ ಉಳಿಯುತ್ತದೆ. ಕಾಲೇಜಿನ ಮೇಷ್ಟರ ಮಾತಿಗೆ ಈ ಜನ ಕೊಡುವ ಬೆಲೆ ನನಗೆ ಗೊತ್ತಿತ್ತು. ಭೋಜನ್ ನಿಂತ ಆ ತಿರುವು ಕೂಡ ಕಣ್ಣಿನಿಂದ ಹೋಗಲಿಲ್ಲ. ವರ್ಕಿ ಪೊಟ್ಟಣ ಬಿಚ್ಚಿ ಚಹಾದ ಜೊತೆ ತಿಂದೆವು. ಹೂಂ ಎಂದೂ ಹೇಳದೆ, ಉಹೂಂ ಎಂದೂ ಹೇಳದೆ ಮಲಗಿದೆ.

ಮರುದಿನ ಬಿಸಿಲು ಏರಿದ ಮೇಲೆ ಊರ ಮುಂದಿನ ಹುಲ್ಲಿನ ಮೇಲೆ ಕೂಟ ಸೇರಿತು. ಗಂಡಸರು ಮಾತ್ರ. ಬಿಳಿ ಹೊದಿಕೆಯ ಹಿರಿಯರು ಜಗಲಿಕಟ್ಟೆಯ ಮೇಲೆ, ಜೀನ್ಸ್ ಪ್ಯಾಂಟಿನ ಹುಡುಗರು ಕೆಳಗೆ. ನಡುವೆ ಊರ ಗೌಡರು, ಕಿವಿ ಸ್ವಲ್ಪ ಮಂದವಾಗಿದ್ದ ಮುದುಕರು. ಚಹಾ ಎಲೆಯ ಬೆಲೆ ಬಿದ್ದುಹೋದ ಮೇಲೆ ಊರಿನ ಮುಖವೇ ಹೀಗೆ ಬಾಡಿದೆ ಎಂದು ಯಾರೋ ನನ್ನ ಪಕ್ಕದಲ್ಲಿ ಹೇಳಿದರು. ಮೊದಲು ಭೋಜನ್ ರಸ್ತೆಯ ವಿಷಯ ಹೇಳಿದರು. ಹೆಂಡತಿಯ ಹೆಸರೆತ್ತಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಆಮೇಲೆ ಹಾಲನ್ ಎದ್ದು ಒರತೆಯ ವಿಷಯ ಹೇಳಿದರು, ಕರುವಿನ ವಿಷಯ ಹೇಳಿದರು, ಹೊಗೆಯ ವಿಷಯ ಹೇಳಿದರು. ಕೆಳಗೆ ಕುಳಿತ ಹುಡುಗರಲ್ಲಿ ಒಂದಿಬ್ಬರು ನಕ್ಕರು. ಹಿರಿಯರು ನಗಲಿಲ್ಲ. ಜಗಲಿಯ ಮೇಲೆ ಒಬ್ಬರು ಹೌದೆಂಬಂತೆ ತಲೆಯಾಡಿಸಿದ್ದು ಕಂಡೆ.

"ಮಾಸ್ಟರು ಹೇಳಲಿ" ಎಂದರು ಗೌಡರು.

ಎದ್ದು ನಿಂತೆ. ಹಾಲನ್ ನೆಲ ನೋಡುತ್ತಿದ್ದರು. "ಇದು ಕರಿಕಲ್ಲು" ಎಂದೆ. ನನ್ನ ದನಿ ನನಗೇ ರೇಡಿಯೊದ ದನಿಯಂತೆ ಕೇಳಿಸಿತು. ಮುಂದೆ ಮಾತಿಲ್ಲದೆ ಕುಳಿತುಬಿಟ್ಟೆ.

ಕೂಟದಲ್ಲಿ ಗುಜುಗುಜು ಎದ್ದಿತು. ಗೌಡರು ಕಿವಿಗೆ ಕೈ ಇಟ್ಟು, "ಕರಿಕಲ್ಲು ಅಂದರಾ?" ಎಂದು ಪಕ್ಕದವರನ್ನು ಕೇಳಿದರು. ಹಾಗಾದರೆ ಇದನ್ನು ಮುಟ್ಟುವುದು ಬೇಡವೇನೋ ಎಂದು ಒಬ್ಬ ಹಿರಿಯರು ಹೇಳಿದ್ದು ಕೇಳಿಸಿತು. ಹಾಲನ್ ತಲೆ ಎತ್ತಿದರು. ಎಷ್ಟು ಸುಲಭ ಎನ್ನಿಸಿತು ನನಗೆ.

ಭೋಜನ್ ಎದ್ದರು. ಕೋಪವಿರಲಿಲ್ಲ. ಕೈಕಟ್ಟಿ ನಿಂತು ಕೇಳಿದರು: "ಸಾರ್, ಒಂದೇ ಪ್ರಶ್ನೆ. ನಿನ್ನೆ ನಿಮ್ಮ ಚೀಲ ನಾನೇ ಹೊತ್ತೆ. ಅದರೊಳಗೆ ಒಂದು ಕಲ್ಲಿತ್ತು, ಹೆಗಲಿಗೆ ಒತ್ತುತ್ತಿತ್ತು. ಆ ಕಲ್ಲೂ, ಈ ಕಲ್ಲೂ ಒಂದೇನಾ? ನೀವು ಹೌದು ಅನ್ನಿ, ನಾನು ರಸ್ತೆ ಮಾತು ಬಿಡುವೆ."

ಅವರು ಅಷ್ಟು ನಂಬಿ ಕೇಳದೆ ಇದ್ದಿದ್ದರೆ, ಜಗಳದ ದನಿಯಲ್ಲಿ ಕೇಳಿದ್ದರೆ, ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆನೇನೋ. ಆ ತಿರುವಿನಲ್ಲಿ ನನ್ನ ಚೀಲ ಹೊತ್ತು ನಿಂತ ಮನುಷ್ಯನಿಗೆ ಹೌದು ಎನ್ನಲು ಬಾಯಿ ಬರಲಿಲ್ಲ.

"ಒಂದೇ ಅಲ್ಲ" ಎಂದೆ. "ಬಣ್ಣ ಒಂದೇ, ಹೆಸರು ಒಂದೇ. ಈ ಕಲ್ಲಿನಲ್ಲಿ ಹೊಗೆ ಇಡುವುದಕ್ಕೆ ಆಗುವುದಿಲ್ಲ." ಆಮೇಲೆ, ಮದ್ದು ಇಟ್ಟರೆ ಒರತೆ ಹೋಗಬಹುದು, ಅದನ್ನೂ ಯೋಚಿಸಿ ಎಂದು ಗಟ್ಟಿಯಾಗಿ ಹೇಳಿದೆ. ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ. ಹಾಲನ್‌ರ ಮಾತು ಕರುವಿನ ಮೇಲೆ ನಿಂತಿತ್ತು. ಕರು ಹೋದ ಮೇಲೆ ಉಳಿದದ್ದು ಒಬ್ಬ ಮುದುಕನ ನೀರಿನ ಭಯ ಮಾತ್ರ. ನಲ್ಲಿ ಇದೆ, ರಸ್ತೆಯಾದರೆ ಟ್ಯಾಂಕರೂ ಬರುತ್ತದೆ ಎಂದು ಹುಡುಗರು ಹೇಳಿದರು.

ಈ ಹಟ್ಟಿಯಲ್ಲಿ ಕೂಟದ ತೀರ್ಮಾನಕ್ಕೆ ಪ್ರತಿ ಮನೆಯವರೂ ಬಾಯಿಬಿಟ್ಟು 'ಆಗಲಿ' ಎನ್ನಬೇಕು. ಗೌಡರು ಸಾಲಿನ ಮೊದಲ ಮನೆಯಿಂದ ಕೇಳುತ್ತ ಬಂದರು. ಆಗಲಿ, ಆಗಲಿ, ಆಗಲಿ. ಹಾಲನ್‌ರ ಸರದಿ ಬಂದಾಗ ಅವರು ಎದ್ದು ನಿಂತು, ತಲೆಗಟ್ಟು ಸರಿಮಾಡಿಕೊಂಡು, "ಆಗಲಿ" ಎಂದರು. ಗೌಡರಿಗೆ ಕೇಳಿಸಲಿಲ್ಲ. "ಏನು?" ಎಂದು ಮತ್ತೆ ಕೇಳಿದರು. ಹಾಲನ್ ಎರಡನೆಯ ಸಲ ಅದೇ ಮಾತನ್ನು ಜೋರಾಗಿ ಹೇಳಬೇಕಾಯಿತು.

ಮಾದಿಯಮ್ಮ ಊಟ ಬಡಿಸಿದರು. ನೀರು ಕೊಡುವಾಗ ಈ ಸಲ ಎದುರಿಗೆ ನಿಲ್ಲಲಿಲ್ಲ. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಬೇಕೆನ್ನಿಸಿತು. ಮಾಡಿದರೆ ಅದೂ ಒಂದು ನಾಟಕವಾಗುತ್ತದೆ ಎಂದು ಕೈಮುಗಿದೆ. ಆಕೆ ನನ್ನ ನೀರಿನ ಬಾಟಲಿ ಕೇಳಿ ತೆಗೆದುಕೊಂಡು ಒರತೆಯ ನೀರು ತುಂಬಿಸಿ ಕೊಟ್ಟರು.

ಹಾಲನ್ ಇತ್ತಲಾರಿನ ತನಕ ನನ್ನ ಜೊತೆ ಬಂದರು. ಚೀಲ ನಾನೇ ಹೊತ್ತಿದ್ದೆ. ಬಸ್ಸು ಬರುವ ತನಕ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತೆವು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ನೀವು ಕಲ್ಲಿನ ಮುಂದೆ ನಿಂತು ಹೇಳಿದಿರಿ. ನಾನು ಕೇಳಿದ್ದು ಅಷ್ಟೇ" ಎಂದರು. ಆಮೇಲೆ, "ಆ ತೂತಿನ ಕಲ್ಲು ನನಗೆ ಕೊಡುವಿರಾ?"

ಟವೆಲಿನ ಸಮೇತ ಕೊಟ್ಟೆ. ಏನು ಮಾಡುತ್ತೀರಿ ಎಂದು ಕೇಳಿದೆ.

"ಒರತೆ ಹತ್ತಿರ ಇಡುವೆ. ಹೊಗೆ ಹೊರುವುದು ಒಂದಾದರೂ ಇರಲಿ." ಟವೆಲು ಬಿಡಿಸಿ ಬಿಳಿ ಮಣಿಗಳ ಮೇಲೆ ಬೆರಳಾಡಿಸಿದರು. ಬಸ್ಸು ಬಂತು. ನಾನು ಹತ್ತಿ ಕುಳಿತು ಕಿಟಕಿಯ ಗಾಜು ಸರಿಸಿದಾಗ ಅವರು ಕೆಳಗೆ ಬಂದು ನಿಂತರು. "ಕರುವಿಗೆ ಕಾಲಾದರೂ ಇತ್ತು ಸಾರ್" ಎಂದರು. "ಬಿಟ್ಟ ಕೂಡಲೆ ಓಡಿಹೋಗುತ್ತಿತ್ತು."

ಊಟಿಯಿಂದ ಮೈಸೂರಿಗೆ ಕಲ್ಲಟ್ಟಿ ಘಾಟಿಯ ದಾರಿಯಲ್ಲಿ ಒಂದು ಚಿಕ್ಕ ಬಸ್ಸು ಸಿಕ್ಕಿತು. ಹತ್ತಿರದ ದಾರಿ, ಆದರೆ ಇಳಿಜಾರು ಕಡಿದು. ತಿರುವಿನ ಮೇಲೆ ತಿರುವು, ಬ್ರೇಕಿನ ಸುಟ್ಟ ವಾಸನೆ. ಪಕ್ಕದಲ್ಲಿ ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿ ಒಬ್ಬರು ಕುಳಿತಿದ್ದರು. ಬೀನ್ಸಿನ ಬೆಲೆ, ಮಗಳ ಮದುವೆ, ಆನೆ ಕಾಟ ಎಲ್ಲ ಹೇಳಿದರು. ನಾನು ಹೂಂಗುಟ್ಟಿದೆ. ಕೆಳಗಿಳಿದಂತೆ ಚಳಿ ಬಿಟ್ಟಿತು, ಸ್ವೆಟರು ತೆಗೆದೆ. ಕಾಲಬಳಿಯ ಚೀಲ ತಿರುವಿಗೊಮ್ಮೆ ಆ ಕಡೆ ಈ ಕಡೆ ಜಾರುತ್ತಿತ್ತು. ಹೋಗುವಾಗ ಕಲ್ಲಿನ ಭಾರಕ್ಕೆ ಅದು ಇಟ್ಟಲ್ಲೇ ಇತ್ತು.

ಮಾವನಲ್ಲದ ಬಳಿ ದನಗಳ ಹಿಂಡೊಂದು ಅಡ್ಡ ಬಂದು ಬಸ್ಸು ನಿಂತಿತು. ತಿರುಗಿ ನೋಡಿದೆ. ಹಿಂದೆ ನೀಲಗಿರಿಯ ಗೋಡೆ ಇಡಿಯಾಗಿ ಎದ್ದು ನಿಂತಿತ್ತು, ಸಂಜೆಯ ಬಿಸಿಲು ಬಿದ್ದು ಬಂಡೆಗಳು ಹೊಳೆಯುತ್ತಿದ್ದವು. ಇತ್ತಲಾರು ಅದರ ಬೆನ್ನಿನ ಆಚೆ ಎಲ್ಲೋ ಇತ್ತು. ಬಾಟಲಿಯ ನೀರು ಕುಡಿದೆ. ಇನ್ನೂ ತಣ್ಣಗಿತ್ತು. ವ್ಯಾಪಾರಿಯೂ ಕತ್ತು ತಿರುಗಿಸಿ ನೋಡಿದರು.

"ಅಬ್ಬಬ್ಬಾ, ಏನ್ ಕಲ್ಲು ಸಾರ್! ನಮ್ ಚಾಮರಾಜನಗರದ ಕಡೀಕೆ ಆಗಿದ್ರೆ ಇಷ್ಟೊತ್ಗೆ ಎಲ್ಲಾ ಕುಯ್ದು ಹಡಗು ಹತ್ತಿಸ್ಬುಟ್ಟಿರೋರು. ಇಲ್ಲಿ ನೋಡಿ, ಸುಮ್ಕೆ ಬಿದ್ದದೆ. ಕರಿಕಲ್ಲು ಅಲ್ವಾ ಸಾರ್ ಇದು?"

ದನಗಳು ದಾಟಿದವು. ಬಸ್ಸು ಹೊರಟಿತು.

"ಹೌದು, ಕರಿಕಲ್ಲು" ಎಂದೆ.